ಭತ್ತದ ತಳಿ ಆಯ್ಕೆ: ಎಂಥ ಗದ್ದೆಯಲ್ಲಿ ಆರಿಸುತ್ತೀರೋ ಅಂಥ ತಳಿಯೇ ಕೈಗೆ ಬರುತ್ತದೆ

ಕೊಯ್ಲಿಗೆ ಒಂದು ವಾರ ಇರುವಾಗ ಬದುವಿನ ಮೇಲೆ ನಡೆದು ನೋಡಿ. ಕಣ್ಣಿಗೆ ಮೊದಲು ಬೀಳುವುದು ಅಂಚಿನ ಬುಡಗಳು. ಒಂದೊಂದರಲ್ಲೂ ಇಪ್ಪತ್ತು ತೆಂಡೆ (ಬುಡದಿಂದ ಒಡೆದ ಕವಲು), ಗೇಣು ಮೀರಿದ ತೆನೆ, ಕಾಳಿನ ಭಾರಕ್ಕೆ ಬಾಗಿದ ಕುತ್ತಿಗೆ. ಇದನ್ನೇ ಬೀಜಕ್ಕೆ ಇಟ್ಟುಕೊಳ್ಳೋಣ ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸುತ್ತದೆ.

ನಾನೂ ಹಾಗೇ ಮಾಡಿದ್ದೆ. ಮಲೆನಾಡಿನ ನಮ್ಮ ಗದ್ದೆಯಲ್ಲಿ ನಾಟಿ ತಳಿಯೊಂದರ ನಲವತ್ತು ಒಳ್ಳೆಯ ಬುಡ ಆರಿಸಿ, ತೆನೆ ಕಟ್ಟಿ, ಅಟ್ಟದಲ್ಲಿ ಜೋಪಾನ ಮಾಡಿದೆ. ಮರುವರ್ಷ ಅವನ್ನೇ ಬೇರೆ ಬಿತ್ತಿದೆ. ಮಾಮೂಲಿ ಬೀಜದ ಪೈರಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ. ಯಾಕೆ ಅಂತ ತಲೆ ಕೆಡಿಸಿಕೊಂಡಾಗ ನೆನಪಾಯಿತು: ಆ ನಲವತ್ತರಲ್ಲಿ ಮೂವತ್ತಕ್ಕೂ ಜಾಸ್ತಿ ಬುಡ ಗದ್ದೆಯ ಒಂದೇ ಮೂಲೆಯವು. ಬೇಸಿಗೆಯಲ್ಲಿ ಕೊಟ್ಟಿಗೆ ಗೊಬ್ಬರದ ರಾಶಿ ಹಾಕಿದ್ದು ಅದೇ ಮೂಲೆಯಲ್ಲಿ. ಬೀಜ ಆರಿಸಿದೆ ಅಂದುಕೊಂಡು ನಾನು ಗೊಬ್ಬರ ಬಿದ್ದ ಜಾಗ ಆರಿಸಿದ್ದೆ.

ಗದ್ದೆ ಹೀಗೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದೇ ಗದ್ದೆ ಬೇರೆ ಯಾವುದರಿಂದಲೂ ಗೊತ್ತಾಗದ ಸಂಗತಿಯನ್ನು ತೋರಿಸಿಯೂ ಕೊಡುತ್ತದೆ. ಸ್ವರ್ಣ ಮತ್ತು ಸ್ವರ್ಣ-ಸಬ್1 ಅನ್ನುವ ಎರಡು ತಳಿಗಳನ್ನೇ ತೆಗೆದುಕೊಳ್ಳಿ. ಒಡಿಶಾ ಮೂಲದ ಎಫ್ಆರ್13ಎ ಎಂಬ ತಳಿಯಲ್ಲಿದ್ದ ಮುಳುಗಡೆ ತಡೆಯುವ ಗುಣವನ್ನು ಸ್ವರ್ಣಕ್ಕೆ ಸೇರಿಸಿ ಮಾಡಿದ್ದು ಸ್ವರ್ಣ-ಸಬ್1. ನಮ್ಮ ದೇಶದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಮಾಮೂಲಿ ಗದ್ದೆಯಲ್ಲಿ ಎರಡನ್ನೂ ಅಕ್ಕಪಕ್ಕ ನೆಟ್ಟರೆ ಯಾವುದು ಯಾವುದು ಅಂತ ಹೇಳುವುದು ಕಷ್ಟ. ಇಳುವರಿಯೂ ಸರಿಸುಮಾರು ಒಂದೇ. ಎರಡು ವಾರ ನೆರೆ ನೀರು ತಲೆ ಮೇಲೆ ನಿಂತು ಇಳಿಯಲಿ, ಆಗ ನೋಡಿ. ಒಂದು ಕೊಳೆತು ಮಲಗಿರುತ್ತದೆ, ಇನ್ನೊಂದು ಹೊಸ ಎಲೆ ಬಿಡುತ್ತದೆ. ನೆರೆಯೇ ಬರದ ಗದ್ದೆಯಲ್ಲಿ ಆ ಗುಣವನ್ನು ಎಷ್ಟು ವರ್ಷ ಹುಡುಕಿದರೂ ಸಿಗದು.

ಹಾಗಾಗಿ ನಮಗೆ ಎರಡು ಕೆಲಸ ಇದೆ. ಗದ್ದೆಯ ಏರುಪೇರನ್ನು ಗಿಡದ ಗುಣ ಅಂತ ತಪ್ಪು ತಿಳಿಯದಂತೆ ನೋಡಿಕೊಳ್ಳಬೇಕು. ನಮಗೆ ಬೇಕಾದ ಗುಣ ಎದ್ದು ಕಾಣುವಂಥ ಗದ್ದೆಯಲ್ಲೇ ಆರಿಸಬೇಕು. ಬೆರಕೆಯಾದ ನಾಟಿ ತಳಿಯನ್ನು ಶುದ್ಧ ಮಾಡುವವರಿಗೆ, ಎರಡು ತಳಿ ಸೇರಿಸಿ ಬಂದ ಪೈರಿನಲ್ಲಿ ಆಯ್ಕೆ ಮಾಡುವವರಿಗೆ, ಊರಿನ ಬೀಜ ಸಂಘಗಳಿಗೆ ಅಂತ ಈ ಹೆಜ್ಜೆಗಳನ್ನು ಬರೆದಿದ್ದೇನೆ.

ಹೆಜ್ಜೆ 1: ಈ ತಳಿ ಯಾವ ಗದ್ದೆಗೆ ಅಂತ ಮೊದಲು ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ತಳಿಯ ಹೆಸರಿಗಿಂತ ಮುಂಚೆ ಗದ್ದೆಯ ವಿವರ ಬರಲಿ. ಎತ್ತರದ್ದೋ ತಗ್ಗಿನದ್ದೋ? ನೀರು ಎಷ್ಟು ದಿನ ನಿಲ್ಲುತ್ತದೆ? ಬಿತ್ತುವುದೋ, ನೆಡುವುದೋ? ಗೊಬ್ಬರ ಏನು, ಎಷ್ಟು? ಹೊಡೆ (ಎಲೆಯ ಹಾಳೆಯೊಳಗೆ ಕಟ್ಟುವ ತೆನೆ) ಬರುವ ಹೊತ್ತಿಗೆ ಮಳೆಯೋ, ಮಂಜೋ, ಬಿಸಿಲೋ?

ಇದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರು. ಕರಾವಳಿಯಲ್ಲಿ ಬೈಲು, ಮಜಲು, ಬೆಟ್ಟು ಅಂತ ಗದ್ದೆಗೆ ಮೂರು ಹೆಸರು. ತಗ್ಗಿನದು ಬೈಲು, ನಡುವಿನದು ಮಜಲು, ಮೇಲಿನದು ಬೆಟ್ಟು. ಬೈಲಿನ ಬೀಜವನ್ನು ಬೆಟ್ಟಿಗೆ ಯಾರೂ ಹಾಕುತ್ತಿರಲಿಲ್ಲ. ಕುಮಟಾ ಕಡೆ ಅಘನಾಶಿನಿಯ ಹಿನ್ನೀರಿನ ಗಜನಿ ಭೂಮಿಗೆ ಉಪ್ಪುನೀರು ನುಗ್ಗುತ್ತದೆ. ಅಲ್ಲಿ ಉಳಿಯುವುದು ಕಗ್ಗ ಭತ್ತ. ಸಾಗರ, ಸೊರಬದ ಕಡೆ ವರದಾ ನದಿಯ ನೆರೆ ಗದ್ದೆಗಳಿಗೆ ನೆರೆಗುಳಿ. ಹೆಸರಲ್ಲೇ ನೆರೆ ಇದೆ. ಇವನ್ನು ಯಾರೂ ಪ್ರಯೋಗಾಲಯದಲ್ಲಿ ಮಾಡಿದ್ದಲ್ಲ. ಉಪ್ಪುನೀರು, ನೆರೆನೀರು ವರ್ಷ ವರ್ಷವೂ ತಡೆಯಲಾರದ್ದನ್ನು ಕೊಂದವು. ಉಳಿದದ್ದರಲ್ಲಿ ರೈತರು ಆರಿಸಿದರು.

ಗೊಬ್ಬರದ ವಿಚಾರದಲ್ಲಿ ಎಡವುವವರು ಬಹಳ. ಸಾವಯವದಲ್ಲಿ ಬೆಳೆಯುವ ಊರಿಗೆ ಬೇಕಾದ ತಳಿಯನ್ನು ಯೂರಿಯಾ ಸುರಿದ ಗದ್ದೆಯಲ್ಲಿ ಆರಿಸಬೇಡಿ. ಯೂರಿಯಾ ಗದ್ದೆಯಲ್ಲಿ ಎತ್ತರದ ಗಿಡ ಮಲಗುತ್ತದೆ, ಗಿಡ್ಡದ್ದು ನಿಲ್ಲುತ್ತದೆ. ಆದ್ದರಿಂದ ಗಿಡ್ಡದ್ದೇ ಒಳ್ಳೆಯದು ಅನ್ನಿಸುತ್ತದೆ. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಬಿಡುಗಡೆ ಮಾಡಿದ ಐಆರ್8 ಹುಟ್ಟಿದ್ದು ಇಂಥ ಹುಡುಕಾಟದಲ್ಲೇ. ಎತ್ತರದ ಪೇಟಾ, ತೈವಾನಿನ ಗಿಡ್ಡ ತಳಿ ಡೀ-ಜಿಯೋ-ವೂ-ಜೆನ್, ಇವೆರಡರ ಸಂತಾನ ಅದು. ಜಾಸ್ತಿ ಗೊಬ್ಬರ ತಿಂದೂ ಬೀಳದ ಗಿಡ ಬೇಕಿತ್ತು, ಸಿಕ್ಕಿತು. ಆದರೆ ಕೊಟ್ಟಿಗೆ ಗೊಬ್ಬರ ಮಾತ್ರ ಹಾಕಿ, ಕಳೆಯ ಜೊತೆ ಪೈಪೋಟಿ ಮಾಡುತ್ತ ಬೆಳೆಯಬೇಕಾದ ಗದ್ದೆಗೆ ಬೇಗ ಎಲೆ ಹರಡುವ, ಸ್ವಲ್ಪ ಎತ್ತರದ, ಬೇರು ಆಳಕ್ಕಿಳಿಯುವ ಗಿಡ ಬೇಕು. ದನಕ್ಕೆ ಹುಲ್ಲೂ ಬೇಕಲ್ವಾ?

ಹೆಜ್ಜೆ 2: ನಿಮ್ಮ ಗದ್ದೆ ಎಷ್ಟು ಸುಳ್ಳು ಹೇಳುತ್ತದೆ ಅಂತ ಅಳೆಯಿರಿ

ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಹೆಜ್ಜೆ ಇದು. ಇದಕ್ಕೆ ಯಂತ್ರ ಬೇಡ. ಒಂದು ಅಳತೆ ಟೇಪು, ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಾಕು.

ಒಂದು ಶುದ್ಧ ತಳಿಯ ನಂಬಿಕೆಯ ಬೀಜ ತನ್ನಿ. ಜಯ, ಎಂಟಿಯು 1001, ಯಾವುದಾದರೂ ಆಗಬಹುದು. ನೀವು ಆಯ್ಕೆ ಮಾಡುವ ಪೈರಿನ ನಡುನಡುವೆ ಅದರ ಕೆಲವು ಸಾಲು ನೆಡಿ. ಶುದ್ಧ ತಳಿಯ ಗಿಡಗಳೆಲ್ಲ ಹುಟ್ಟಿನಿಂದ ಒಂದೇ. ಅವುಗಳ ನಡುವೆ ಕಾಣುವ ಹೆಚ್ಚುಕಡಿಮೆ ಅಷ್ಟೂ ಗದ್ದೆಯದ್ದು. ಮಣ್ಣು, ನೀರು, ನಾಟಿ ಮಾಡಿದವರ ಕೈ, ಅಂಚಿನ ಬಿಸಿಲು, ಎಲ್ಲ ಸೇರಿ ಬಂದದ್ದು.

ಕೊಯ್ಲಿನ ಹೊತ್ತಿಗೆ ಶುದ್ಧ ತಳಿಯ ಇಪ್ಪತ್ತು ಬುಡ, ನಿಮ್ಮ ಪೈರಿನ ನೂರು ಬುಡ ಅಳೆಯಿರಿ. ಲೆಕ್ಕ ತಿಳಿಯಲಿ ಅಂತ ಒಂದು ಉದಾಹರಣೆ ಕೊಡುತ್ತೇನೆ. ಶುದ್ಧ ತಳಿಯ ಎತ್ತರ 96ರಿಂದ 104 ಸೆಂಟಿಮೀಟರ್ ಒಳಗೇ ಇದೆ. ನಿಮ್ಮ ಪೈರು 85ರಿಂದ 140ರವರೆಗೆ ಹರಡಿದೆ. ಅಂದರೆ ಎತ್ತರದ ವ್ಯತ್ಯಾಸದಲ್ಲಿ ಬಹುಪಾಲು ಬೀಜದಿಂದಲೇ ಬಂದದ್ದು. ಎತ್ತರ ನೋಡಿ ಧೈರ್ಯವಾಗಿ ಆರಿಸಿ. ಈಗ ಒಂದು ಬುಡದ ಕಾಳಿನ ತೂಕ ನೋಡಿ. ಶುದ್ಧ ತಳಿಯಲ್ಲೇ 18ರಿಂದ 44 ಗ್ರಾಂ ಬಂತು. ನಿಮ್ಮ ಪೈರಿನಲ್ಲಿ 15ರಿಂದ 47. ಹುಟ್ಟಿನಿಂದ ಒಂದೇ ಆಗಿರುವ ಗಿಡಗಳೇ ಅಷ್ಟು ಹೆಚ್ಚುಕಡಿಮೆ ಕೊಡುತ್ತಿರುವಾಗ 47 ಗ್ರಾಂನ ಬುಡವನ್ನು ಹೇಗೆ ನಂಬುವುದು?

ಇದೇ ಲೆಕ್ಕವನ್ನು ಇನ್ನೊಂದು ರೀತಿ ಹೇಳಬಹುದು. ನೀವು ಆರಿಸಿದ ಬುಡಗಳು ಗದ್ದೆಯ ಸರಾಸರಿಗಿಂತ 10 ಗ್ರಾಂ ಜಾಸ್ತಿ ತೂಗಿದವು ಅನ್ನಿ. ಅದರಲ್ಲಿ ಐದನೇ ಒಂದು ಪಾಲು ಮಾತ್ರ ಬೀಜದ್ದಾದರೆ ಮರುವರ್ಷ ಸಿಗುವುದು 2 ಗ್ರಾಂ. ಉಳಿದ 8 ಗ್ರಾಂ ಗದ್ದೆಯಲ್ಲೇ ಉಳಿಯಿತು.

ಸಾಮಾನ್ಯವಾಗಿ ತೆನೆ ಬರುವ ದಿನ, ಎತ್ತರ, ಕಾಳಿನ ಆಕಾರ, ಸಿಪ್ಪೆಯ ಬಣ್ಣ, ಕಾಳಿನ ತುದಿಗೆ ಮೀಸೆ ಇದೆಯೋ ಇಲ್ಲವೋ, ಇವು ನಂಬಬಹುದಾದ ಗುಣಗಳು. ತೆಂಡೆಯ ಸಂಖ್ಯೆ ಅಷ್ಟು ನಂಬಿಕೆಯದಲ್ಲ. ಒಂಟಿ ಬುಡದ ಇಳುವರಿಯನ್ನಂತೂ ನಂಬಲೇಬೇಡಿ.

ಹೆಜ್ಜೆ 3: ಗದ್ದೆಯನ್ನು ಆದಷ್ಟು ಸಮ ಮಾಡಿ

ಸಸಿಮಡಿಯಿಂದಲೇ ಶುರು ಮಾಡಿ. ಒಂದೇ ದಿನ ಬಿತ್ತಿದ, ಒಂದೇ ವಯಸ್ಸಿನ ಸಸಿ ಬೇಕು. ಬುಡಕ್ಕೆ ಒಂದೇ ಸಸಿ. ಇದನ್ನು ನಾಟಿಗೆ ಬರುವವರಿಗೆ ಮೊದಲೇ ಹೇಳಿ, ಬೇಕಿದ್ದರೆ ಪಕ್ಕದಲ್ಲೇ ನಿಂತುಕೊಳ್ಳಿ. ಮೂರು ನಾಲ್ಕು ಸಸಿ ಸೇರಿಸಿ ನೆಡುವ ಕೈಗೆ ಒಂದೇ ಸಸಿ ನೆಡುವುದು ಕಿರಿಕಿರಿ. ಹಗ್ಗ ಹಿಡಿದು 20 ಸೆಂಟಿಮೀಟರ್‌ಗೆ ಒಂದು ಬುಡ, ಸಾಲಿಂದ ಸಾಲಿಗೂ 20. ಚದರ ಮೀಟರಿಗೆ 25 ಬುಡ ಬರುತ್ತದೆ.

ವಾರದೊಳಗೆ ಸತ್ತ ಸಸಿಯ ಜಾಗ ತುಂಬಿಸಿ. ಆಮೇಲೂ ಖಾಲಿ ಉಳಿದರೆ ಆ ಖಾಲಿ ಜಾಗದ ಅಕ್ಕಪಕ್ಕದ ನಾಲ್ಕೂ ಬುಡಗಳನ್ನು ಆಯ್ಕೆಯಿಂದ ಬಿಡಿ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಬಿಸಿಲು, ಗೊಬ್ಬರ ಎರಡೂ ಜಾಸ್ತಿ ಸಿಗುತ್ತದೆ, ಗಿಡ ಸುಮ್ನೆ ಉಬ್ಬುತ್ತದೆ. ಬದುವಿನ ಪಕ್ಕದ ಎರಡು ಸಾಲುಗಳಿಗೂ ಇದೇ ಮಾತು. ನೀರು ಒಳಗೆ ಬರುವ ಬಾಯಿಯ ಹತ್ತಿರದ ಜಾಗವನ್ನೂ ಬಿಡಿ. ಅಲ್ಲಿ ಮೆಕ್ಕಲು ನಿಲ್ಲುತ್ತದೆ. ಮಲೆನಾಡಿನ ತೊರೆಯ ನೀರಾದರೆ ತಣ್ಣಗಿರುತ್ತದೆ, ತೆನೆ ಬರುವುದು ತಡವಾಗುತ್ತದೆ.

ಎರಡು ತಳಿ ಸೇರಿಸಿದ ಪೈರಿನಲ್ಲಿ ಎತ್ತರದ್ದು, ಗಿಡ್ಡದ್ದು ಬೆರೆತಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಕೊಯ್ದು, ಒಟ್ಟಿಗೆ ಬಡಿದು, ಮತ್ತೆ ಬಿತ್ತುತ್ತಾ ಹೋದರೆ ಗಿಡ್ಡ ಗಿಡಗಳು ಬೇಗ ಕಡಿಮೆಯಾಗುತ್ತವೆ. ಎತ್ತರದವು ನೆರಳು ಹಾಕಿ ಅವನ್ನು ಒತ್ತಿಬಿಡುತ್ತವೆ. ಒಂಟಿಯಾಗಿ ಬೆಳೆದರೆ ಅದೇ ಗಿಡ್ಡ ತಳಿ ಎಕರೆಗೆ ಜಾಸ್ತಿ ಕೊಡುತ್ತಿತ್ತು. ಇದನ್ನು ಭತ್ತದ ಸಂಶೋಧಕರು 1960ರ ದಶಕದಲ್ಲೇ ಬೆರಕೆ ಪೈರು ಬೆಳೆಸಿ ತೋರಿಸಿದ್ದಾರೆ. ಗಿಡ್ಡದ್ದು ಬೇಕಿದ್ದರೆ ಎತ್ತರದವನ್ನು ತೆನೆ ಬರುವ ಮೊದಲೇ ಕಿತ್ತು ಹಾಕಿ. ಒಂದು ಗಿಡದ ಪರಿಸರ ಅಂದರೆ ಅದರ ಪಕ್ಕದ ಗಿಡವೂ ಹೌದು.

ಹೆಜ್ಜೆ 4: ಹಂಗಾಮು ತಪ್ಪಬೇಡಿ

ಮುಂಗಾರಿನ ತಳಿಯನ್ನು ಬೇಸಿಗೆಯಲ್ಲಿ ಆರಿಸಬೇಡಿ. ಕಾರಣ ಹಗಲಿನ ಉದ್ದ. ನಮ್ಮಲ್ಲಿ ಜೂನ್‌ನಲ್ಲಿ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ 11 ಗಂಟೆ ಚಿಲ್ಲರೆ. ಅನೇಕ ನಾಟಿ ತಳಿಗಳು ಹಗಲು ಕಿರಿದಾಗುವುದನ್ನು ಕಾದು ತೆನೆ ಬಿಡುತ್ತವೆ. ಜೂನ್ ಮೊದಲಲ್ಲಿ ಬಿತ್ತಿದರೂ, ಜುಲೈ ನಡುವಿನಲ್ಲಿ ಬಿತ್ತಿದರೂ ತೆನೆ ಬರುವ ದಿನ ಹೆಚ್ಚು ಸರಿಯುವುದಿಲ್ಲ. ತಗ್ಗು ಗದ್ದೆಗೆ ಇದು ದೊಡ್ಡ ವರ. ಮಳೆ ಬೇಗ ಬರಲಿ, ತಡವಾಗಲಿ, ನೀರು ಇಳಿಯುವ ಹೊತ್ತಿಗೇ ಕಾಳು ಬಲಿಯುತ್ತದೆ.

ಇಂಥ ಪೈರನ್ನು ಹಗಲು ಬೆಳೆಯುತ್ತಾ ಹೋಗುವ ಬೇಸಿಗೆಯಲ್ಲಿ ಹಾಕಿದರೆ ಏನಾಗುತ್ತದೆ? ಆ ಗುಣ ಇರುವ ಗಿಡಗಳು ತೆನೆಯೇ ಬಿಡದೆ ನಿಲ್ಲುತ್ತವೆ, ಇಲ್ಲವೇ ತೀರಾ ತಡ ಮಾಡುತ್ತವೆ. ಇಲ್ಲದವು ಬೇಗ ತೆನೆ ಬಿಟ್ಟು ನಿಮ್ಮ ಚೀಲ ಸೇರುತ್ತವೆ. ಒಂದೇ ಬೇಸಿಗೆಯಲ್ಲಿ ಆ ವರವನ್ನು ನೀವೇ ಕಳೆದುಕೊಂಡಂತಾಯಿತು. ಬೇಸಿಗೆಯಲ್ಲಿ ಒಂದು ತಲೆಮಾರು ಮುಂದೆ ತಳ್ಳಿ ವರ್ಷ ಉಳಿಸುವ ಆಸೆಯಿದ್ದರೆ, ಹಗಲಿನ ಉದ್ದ ಲೆಕ್ಕಿಸದ ಪೈರಿನಲ್ಲಿ ಮಾತ್ರ ಮಾಡಿ. ಆಗಲೂ ಪ್ರತಿ ಗಿಡದಿಂದ ಒಂದೆರಡು ಕಾಳು ತೆಗೆದುಕೊಂಡು ಮುಂದೆ ಸಾಗಿ, ಆಯ್ಕೆ ಮಾಡಬೇಡಿ. ಆಯ್ಕೆ ಮುಂಗಾರಿಗೆ ಇರಲಿ.

ಬಿಸಿಲು, ಚಳಿಯ ಲೆಕ್ಕವೂ ಇದೆ. ತೆನೆ ಹೊರಡುವ ಹತ್ತು ಹನ್ನೆರಡು ದಿನ ಮೊದಲು, ಹೊಡೆ ಒಳಗೆ ಪರಾಗ ಕಟ್ಟುವಾಗ, ರಾತ್ರಿ ತೀರಾ ತಣ್ಣಗಾದರೆ ಜೊಳ್ಳು ಜಾಸ್ತಿ. ಹೂ ಅರಳುವ ಬೆಳಗಿನ ಹೊತ್ತಿನಲ್ಲಿ 35 ಡಿಗ್ರಿ ದಾಟಿದರೂ ಜೊಳ್ಳು. ಹಾಗಾಗಿ ಜೊಳ್ಳು ಕಂಡ ಕೂಡಲೇ ಗಿಡ ಕೆಟ್ಟದ್ದು ಅನ್ನಬೇಡಿ. ಅದೇ ದಿನ ತೆನೆ ಬಿಟ್ಟ ಉಳಿದ ಗಿಡಗಳಲ್ಲಿ ಜೊಳ್ಳು ಎಷ್ಟಿದೆ ಅಂತ ನೋಡಿ. ಪ್ರತಿ ಗಿಡಕ್ಕೂ ತೆನೆ ಬಂದ ತಾರೀಕು ಬರೆಯಬೇಕು ಅನ್ನುವುದು ಇದಕ್ಕೇ.

ಹೆಜ್ಜೆ 5: ಚೌಕ ಹಾಕಿ ಆರಿಸಿ

ನನ್ನ ಗೊಬ್ಬರದ ಮೂಲೆಯ ತಪ್ಪಿಗೆ ಮದ್ದು ಇದು.

20 ಮೀಟರ್ ಅಗಲ, 25 ಮೀಟರ್ ಉದ್ದದ ಗದ್ದೆ, ಅಂದರೆ ಸುಮಾರು ಐದು ಗುಂಟೆ ಇದೆ ಅನ್ನಿ. ಬಿದಿರಿನ ಗೂಟ ನೆಟ್ಟು, ದಾರ ಕಟ್ಟಿ 5 ಮೀಟರಿನ ಚೌಕ ಮಾಡಿ. 20 ಚೌಕ ಆಗುತ್ತದೆ. ಒಂದೊಂದರಲ್ಲೂ ಆರುನೂರು ಚಿಲ್ಲರೆ ಬುಡ. ಈಗ ಇಡೀ ಗದ್ದೆಯ ಅತ್ಯುತ್ತಮ 60 ಬುಡ ಹುಡುಕಬೇಡಿ. ಪ್ರತಿ ಚೌಕದಲ್ಲಿ ಅಲ್ಲಲ್ಲಿಗೆ ಒಳ್ಳೆಯ ಮೂರು ಬುಡ ಆರಿಸಿ. ಗೊಬ್ಬರ ಬಿದ್ದ ಚೌಕದಲ್ಲೂ ಮೂರೇ, ಬಡ ಮಣ್ಣಿನ ಚೌಕದಲ್ಲೂ ಮೂರೇ. ಬಡ ಚೌಕದಿಂದ ಆರಿಸಿದ ಬುಡ ನೋಡಲು ಸಣ್ಣದಿರಬಹುದು. ಅಕ್ಕಪಕ್ಕದವರಿಗಿಂತ ಅದು ಮುಂದಿದೆ ಅನ್ನುವುದಷ್ಟೇ ನಮಗೆ ಬೇಕು.

ಮೂರು ಸಲ ಗದ್ದೆಗಿಳಿಯಿರಿ. ತೆನೆ ಹೊರಡುವಾಗ ಒಮ್ಮೆ: ದಿನ ಸರಿಹೊಂದುವ ಗಿಡಗಳಿಗೆ ಬಣ್ಣದ ದಾರ ಕಟ್ಟಿ, ಚೌಕಕ್ಕೆ ಹತ್ತರಂತೆ. ಹಾಲುಗಾಳಿನ ಹೊತ್ತಿಗೆ ಇನ್ನೊಮ್ಮೆ: ರೋಗ ಬಂದವು, ಬಾಗಿ ಬೀಳುವವುಗಳ ದಾರ ಬಿಚ್ಚಿ. ಕೊಯ್ಲಿನ ಮುನ್ನ ಕೊನೆಯ ಸಲ: ಉಳಿದವುಗಳಲ್ಲಿ ಮೂರು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹೋಗಿ. ಒದ್ದೆ ತೆನೆ ಭಾರಕ್ಕೆ ಹೆಚ್ಚು ಬಾಗಿರುತ್ತದೆ, ಕಣ್ಣು ಮೋಸ ಹೋಗುತ್ತದೆ. ಕೊಯ್ಲಿನಲ್ಲಿ ಪಳಗಿದ ಹೆಂಗಸರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವ ತೆನೆ ಉದುರುತ್ತದೆ, ಯಾವುದು ಬಡಿಯಲು ಗಟ್ಟಿ ಅಂತ ಅವರ ಬೆರಳಿಗೆ ಗೊತ್ತು.

ಒಂದೊಂದು ಬುಡದ ತೆನೆಗೂ ಬೇರೆ ಚೀಲ. ಚೀಲದ ಮೇಲೆ ಚೌಕದ ನಂಬರು.

ಹೆಜ್ಜೆ 6: ಮರುವರ್ಷ, ಬುಡಕ್ಕೊಂದು ಸಾಲು

ಬೀಜದ ನಿಜ ಗುಣ ಮಕ್ಕಳಲ್ಲಿ ಗೊತ್ತಾಗುತ್ತದೆ. 60 ಬುಡ, 60 ಸಾಲು, ಸಾಲಿಗೆ 25 ಸಸಿ. ಹತ್ತು ಸಾಲಿಗೊಂದರಂತೆ ಶುದ್ಧ ತಳಿಯ ಸಾಲು. ಹೋಲಿಕೆ ಯಾವಾಗಲೂ ಹತ್ತಿರದ ಶುದ್ಧ ಸಾಲಿನ ಜೊತೆ.

ನಾಟಿ ತಳಿಯ ಬೆರಕೆಯಿಂದ ಆರಿಸಿದ್ದಾದರೆ ಬಹುತೇಕ ಸಾಲುಗಳು ಒಂದೇ ಸಮ ಕಾಣುತ್ತವೆ. ಭತ್ತ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಹೊರಗಿನ ಪರಾಗ ಸೇರುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಎರಡು ತಳಿ ಸೇರಿಸಿದ ಪೈರಾದರೆ ಹಾಗಲ್ಲ. ಎರಡನೇ ತಲೆಮಾರಿನಲ್ಲಿ ಅರ್ಧದಷ್ಟು ಮಿಶ್ರ ಗುಣ ಇರುತ್ತದೆ, ಮೂರನೆಯದರಲ್ಲಿ ಕಾಲು, ನಾಲ್ಕರಲ್ಲಿ ಅರೆಕಾಲು. ಆರನೇ ತಲೆಮಾರಿಗೆ ನೂರಕ್ಕೆ ಮೂರು ಉಳಿಯುತ್ತದೆ. ಅಷ್ಟರವರೆಗೆ ದಿನ, ಎತ್ತರ, ಕಾಳು, ರೋಗ ನೋಡಿ ಆರಿಸಿ. ಇಳುವರಿಯ ತೀರ್ಪನ್ನು ಐದನೇ ತಲೆಮಾರಿನ ನಂತರಕ್ಕೆ ಮುಂದೂಡಿ.

ತಾಳ್ಮೆ ಬೇಕಾದ ಕೆಲಸ ನಿಜ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ್ ಗ್ರಾಮದ ದಾದಾಜಿ ಖೋಬ್ರಾಗಡೆ 1983ರಲ್ಲಿ ಪಟೇಲ್-3 ತಳಿಯ ಗದ್ದೆಯಲ್ಲಿ ಬೇರೆ ಥರ ಕಂಡ ಮೂರು ತೆನೆ ಆರಿಸಿದರು. ಬೇರೆಯಾಗಿ ಬಿತ್ತಿ, ಮತ್ತೆ ಮತ್ತೆ ಆರಿಸಿ, ವರ್ಷಗಟ್ಟಲೆ ಬೆಳೆಸಿ ನೋಡಿದರು. ಆ ಭತ್ತಕ್ಕೆ ಆಗ ಮನೆಮಾತಾಗಿದ್ದ ನಮ್ಮ ಬೆಂಗಳೂರಿನ ಎಚ್ಎಂಟಿ ವಾಚಿನ ಹೆಸರೇ ಬಂತು. ಇವತ್ತಿಗೂ ಅಂಗಡಿಯಲ್ಲಿ ಎಚ್ಎಂಟಿ ಅಕ್ಕಿ ಅಂತ ಸಿಗುತ್ತದಲ್ವಾ, ಅದರ ಮೂಲ ಇದು. ಮೂರು ತೆನೆ ಕಣ್ಣಿಗೆ ಬಿದ್ದಿದ್ದು ಒಂದು ದಿನದ ಮಾತು, ಉಳಿದದ್ದೆಲ್ಲ ವರ್ಷಗಳ ದುಡಿಮೆ.

ಹೆಜ್ಜೆ 7: ಕಷ್ಟ ಕೊಟ್ಟು ನೋಡಿ

ಬರ ತಡೆಯುವ ತಳಿ ಬೇಕೆಂದರೆ ಬರದಲ್ಲೇ ಆರಿಸಬೇಕು. ಬಹಳ ವರ್ಷ ತಳಿ ಸಂಶೋಧಕರು ಬರದಲ್ಲಿ ಇಳುವರಿ ಏರುಪೇರಾಗುತ್ತದೆ, ಅಲ್ಲಿ ಆರಿಸಿ ಪ್ರಯೋಜನವಿಲ್ಲ ಅಂದುಕೊಂಡಿದ್ದರು. ನೀರಿರುವ ಗದ್ದೆಯಲ್ಲಿ ಆರಿಸಿ, ಬೇರು, ಎಲೆ ಸುರುಳಿಯಂಥ ಲಕ್ಷಣ ನೋಡಿ ಊಹೆ ಮಾಡುತ್ತಿದ್ದರು. ಆಮೇಲೆ ಗದ್ದೆಯನ್ನು ಬೇಕೆಂದೇ ಒಣಗಿಸಿ, ಅಲ್ಲಿ ಬಂದ ಕಾಳನ್ನೇ ತೂಗಿ ಆರಿಸುವ ದಾರಿ ಹಿಡಿದರು, ಫಲ ಸಿಕ್ಕಿತು. ಜಾರ್ಖಂಡಿನ ಹಜಾರಿಬಾಗ್ ಭತ್ತ ಸಂಶೋಧನಾ ಕೇಂದ್ರ ಮತ್ತು ಫಿಲಿಪೈನ್ಸಿನ ಅದೇ ಭತ್ತ ಸಂಸ್ಥೆ ಸೇರಿ ರೂಪಿಸಿದ, ಬರ ತಡೆಯುವ ಸಹಭಾಗಿ ಧಾನ್ ತಳಿ 2010ರಲ್ಲಿ ಬಿಡುಗಡೆಯಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಎಂಎಎಸ್ 946-1, ಅಂದರೆ ಶಾರದ, ಕೆಸರು ಮಾಡದೆ, ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಪದ್ಧತಿಗೆಂದೇ ಬಂದ ತಳಿ.

ನೀವು ಮಾಡುವಾಗ ಒಂದು ಎಚ್ಚರ. ಎಲ್ಲ ಸಾಲುಗಳನ್ನೂ ಒಂದೇ ದಿನ ಬಿತ್ತಿ, ಒಂದೇ ದಿನ ನೀರು ತೆಗೆದರೆ ಬೇಗ ತೆನೆ ಬಿಡುವವು ಆಗಲೇ ಕಾಳು ಕಟ್ಟಿ ಮುಗಿಸಿರುತ್ತವೆ. ತಡವಾದವು ಹೊಡೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಬೇಗದವು ಬರ ತಡೆದವು ಅನ್ನಿಸುತ್ತದೆ. ತಪ್ಪಿಸಿಕೊಳ್ಳುವುದು ಬೇರೆ, ತಡೆದುಕೊಳ್ಳುವುದು ಬೇರೆ. ತಡದ ತಳಿಯನ್ನು ಮೊದಲು, ಬೇಗದ್ದನ್ನು ಆಮೇಲೆ ಬಿತ್ತಿ ಎಲ್ಲವೂ ಒಂದೇ ವಾರದಲ್ಲಿ ತೆನೆ ಬಿಡುವಂತೆ ಮಾಡಿ. ಆಗದಿದ್ದರೆ ಒಂದೇ ವಾರ ತೆನೆ ಬಿಟ್ಟವುಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ. ಪಕ್ಕದಲ್ಲಿ ಅದೇ ಸಾಲುಗಳ ಇನ್ನೊಂದು ಕಂತು ನೀರಿನಲ್ಲಿ ಇರಲಿ. ಬರದಲ್ಲಿ ಬದುಕಿ, ಒಳ್ಳೆಯ ಮಳೆಯ ವರ್ಷ ಏನೂ ಕೊಡದ ತಳಿ ರೈತನಿಗೆ ಬೇಡ.

ಎಲೆ, ತೆನೆ ಸುಟ್ಟಂತಾಗುವ ಬೆಂಕಿರೋಗ ಬರಲು ಮಂಜು, ತಂಪು ರಾತ್ರಿ, ಒದ್ದೆ ಎಲೆ, ಜಾಸ್ತಿ ಸಾರಜನಕ ಬೇಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬಿಪಿಟಿ 5204 ಎಂಬ ತಳಿ ಅಷ್ಟು ಚೆನ್ನಾಗಿ ಬರುತ್ತದೆ. ಅದನ್ನೇ ಮಂಜು ಕವಿಯುವ ಮಲೆನಾಡಿನ ಗದ್ದೆಗೆ ತಂದರೆ ಕುತ್ತಿಗೆ ಬೆಂಕಿರೋಗಕ್ಕೆ ಬೇಗ ತುತ್ತಾಗುತ್ತದೆ. ರೋಗ ಬಾರದ ಊರಲ್ಲಿ ರೋಗ ತಡೆಯುವ ಗಿಡ ಯಾವುದು ಅಂತ ತಿಳಿಯಲು ದಾರಿಯೇ ಇಲ್ಲ. ರೋಗದ ಪರೀಕ್ಷೆಗೆ ಕೊಡಗಿನ ಪೊನ್ನಂಪೇಟೆಯಂಥ ಮಂಜಿನ ಜಾಗ ಉಪಯೋಗಕ್ಕೆ ಬರುವುದು ಇದರಿಂದಲೇ.

ಮನೆಯಲ್ಲಿ ಮಾಡುವುದಾದರೆ ಒಂದು ಸಣ್ಣ ಮಡಿ ಸಾಕು. ಎತ್ತರಿಸಿದ ಒಣ ಮಡಿಯಲ್ಲಿ ಪ್ರತಿ ಸಾಲಿನ ಬೀಜವನ್ನು ಗೇಣುದ್ದ ಬಿತ್ತಿ. ಸುತ್ತ ಬೇಗ ರೋಗ ಬರುವ ತಳಿ ಹಾಕಿ. ಯೂರಿಯಾ ಸ್ವಲ್ಪ ಜಾಸ್ತಿ ಕೊಟ್ಟು ಸಂಜೆ ಎಲೆ ಮೇಲೆ ನೀರು ಚಿಮುಕಿಸಿ. ಸುತ್ತಲಿನ ತಳಿ ಸುಟ್ಟಂತಾದ ಮೇಲೆ ನಿಮ್ಮ ಸಾಲುಗಳನ್ನು ನೋಡಿ. ಸುತ್ತಲಿನದಕ್ಕೇ ರೋಗ ಬರದಿದ್ದರೆ ಆ ವರ್ಷದ ಪರೀಕ್ಷೆ ನಡೆದೇ ಇಲ್ಲ ಅಂತ ಬರೆಯಿರಿ. ಮಡಿ ಗದ್ದೆಬಯಲಿನಿಂದ ದೂರ ಇರಲಿ. ಪಕ್ಕದ ಮನೆಯವರ ಪೈರಿಗೆ ರೋಗ ಹಬ್ಬಿಸುವಂತಾಗಬಾರದು.

ಹೆಜ್ಜೆ 8: ಬೇರೆ ಬೇರೆ ಗದ್ದೆಯಲ್ಲಿ, ಬೇರೆ ಬೇರೆ ವರ್ಷ

ಹತ್ತು ಒಳ್ಳೆಯ ಸಾಲು ಉಳಿದಿವೆ ಅನ್ನಿ. ಈಗ ತೂಕದ ಪರೀಕ್ಷೆ. 5 ಮೀಟರ್ ಉದ್ದ, 2 ಮೀಟರ್ ಅಗಲದ ತಾಕು, ಒಂದೊಂದು ತಳಿಗೂ ಮೂರು ಕಡೆ. ಯಾವುದು ಎಲ್ಲಿ ಅಂತ ಚೀಟಿ ಎತ್ತಿ ನಿರ್ಧರಿಸಿ. ನಿಮಗೆ ಇಷ್ಟವಾದ ತಳಿಗೆ ಒಳ್ಳೆಯ ಜಾಗ ಕೊಡುವುದು ಮನುಷ್ಯ ಸಹಜ, ಚೀಟಿ ಅದನ್ನು ತಪ್ಪಿಸುತ್ತದೆ. 30 ತಾಕಿಗೆ ಮೂರು ಗುಂಟೆ, ದಾರಿಗೆ ಸ್ವಲ್ಪ ಹೆಚ್ಚು. ಕೊಯ್ಯುವಾಗ ಸುತ್ತಲಿನ ಒಂದು ಸಾಲು ಬಿಟ್ಟು ಒಳಗಿನದನ್ನು ಮಾತ್ರ ತೂಗಿ. ತೇವ ನೂರಕ್ಕೆ 14ಕ್ಕೆ ಇಳಿಯುವವರೆಗೆ ಒಣಗಿಸಿ. ಅಳೆಯುವ ಸಾಧನ ಇಲ್ಲದಿದ್ದರೆ ಎಲ್ಲವನ್ನೂ ಒಂದೇ ಅಂಗಳದಲ್ಲಿ, ಅಷ್ಟೇ ದಿನ ಒಣಗಿಸಿ.

ಇದನ್ನೇ ಊರಿನ ಎರಡು ಮೂರು ಥರದ ಗದ್ದೆಯಲ್ಲಿ ಮಾಡಿ. ಮತ್ತೆ ಒಂದು ಉದಾಹರಣೆ ಲೆಕ್ಕ. ಮೊದಲ ತಳಿ ಬೈಲಿನಲ್ಲಿ ಗುಂಟೆಗೆ 70 ಕಿಲೋ, ಬೆಟ್ಟಿನಲ್ಲಿ 30. ಎರಡನೆಯದು ಬೈಲಿನಲ್ಲಿ 58, ಬೆಟ್ಟಿನಲ್ಲಿ 44. ಸರಾಸರಿ 50, 51. ಬರೀ ಸರಾಸರಿ ನೋಡಿದರೆ ಎರಡೂ ಒಂದೇ. ನಿಜದಲ್ಲಿ ಬೈಲಿನವರಿಗೆ ಮೊದಲನೆಯದು, ಬೆಟ್ಟಿನವರಿಗೆ ಎರಡನೆಯದು ಬೇಕು. ಹೀಗೆ ಮೊದಲ ಸ್ಥಾನ ಅದಲುಬದಲಾದರೆ ಎರಡು ಬೇರೆ ತಳಿಗಳಾಗಿ ಮುಂದುವರಿಸಿ. ಎಲ್ಲ ಗದ್ದೆಯಲ್ಲೂ ಅದೇ ತಳಿ ಮುಂದಿದ್ದು ತೂಕ ಮಾತ್ರ ಏರಿಳಿದರೆ ಚಿಂತೆಯಿಲ್ಲ, ಒಂದೇ ಸಾಕು.

ದೇಶದ ಮಟ್ಟದಲ್ಲೂ ನಡೆಯುವುದು ಇದೇ. 1965ರಲ್ಲಿ ಶುರುವಾದ ಅಖಿಲ ಭಾರತ ಸಮನ್ವಿತ ಭತ್ತ ಯೋಜನೆಯಲ್ಲಿ ಹೊಸ ತಳಿಗಳನ್ನು ಹತ್ತಾರು ಕಡೆ ಬೆಳೆದು ನೋಡುತ್ತಾರೆ. ಮಂಡ್ಯದ ವಿ.ಸಿ. ಫಾರಂನ ಕಾಲುವೆ ನೀರಿನ ಗದ್ದೆಯಲ್ಲಿ ಗೆದ್ದದ್ದು ಧಾರವಾಡ ಹತ್ತಿರದ ಮುಗದದ ಮಳೆಯಾಶ್ರಿತ ಗದ್ದೆಯಲ್ಲಿ, ಕೂರಿಗೆ ಬಿತ್ತನೆಯಲ್ಲಿ ಗೆಲ್ಲಬೇಕಂತಿಲ್ಲ.

ಒಂದು ವರ್ಷದ ಫಲ ನೋಡಿ ನಿರ್ಧಾರ ಮಾಡಬೇಡಿ. ಕಡಿಮೆ ಅಂದರೆ ಮೂರು ಮುಂಗಾರು ನೋಡಿ. ಗದ್ದೆ ಅದೇ ಇದ್ದರೂ ವರ್ಷ ಅದೇ ಇರುವುದಿಲ್ಲ.

ಅನ್ನವನ್ನೂ ಮರೆಯಬೇಡಿ. ಕಾಳು ತುಂಬುವಾಗ ರಾತ್ರಿ ಸೆಕೆ ಜಾಸ್ತಿಯಿದ್ದರೆ ಅಕ್ಕಿಯ ಹೊಟ್ಟೆ ಬೆಳ್ಳಗೆ ಸುಣ್ಣದಂತಾಗಿ ಗಿರಣಿಯಲ್ಲಿ ನುಚ್ಚಾಗುತ್ತದೆ. ಬಾಸ್ಮತಿಯ ಘಮ ತಂಪಿನಲ್ಲಿ ಬಲಿತರೆ ಚೆನ್ನ. ಹಾಗಾಗಿ ಒಂದೇ ಗದ್ದೆಯ, ಒಂದೇ ದಿನ ಕೊಯ್ದ, ಅಷ್ಟೇ ತಿಂಗಳು ಹಳೆಯದಾದ ಅಕ್ಕಿಗಳನ್ನು ಅಕ್ಕಪಕ್ಕದ ಪಾತ್ರೆಯಲ್ಲಿ ಬೇಯಿಸಿ. ಹೆಸರು ಹೇಳದೆ ನಂಬರು ಹಾಕಿ ಬಡಿಸಿ.

ಹೆಜ್ಜೆ 9: ಬೀಜ ಉಳಿಸುವಾಗ

ಆರಿಸಿದ ತಳಿಯನ್ನು ಬೇರೆ ಭತ್ತದಿಂದ ಮೂರು ಮೀಟರಾದರೂ ದೂರ ಬೆಳೆಸಿ. ತೆನೆ ಹೊರಟಾಗ ಬೆರಕೆ ಗಿಡ ಕೀಳಿ. ಎಲ್ಲಕ್ಕಿಂತ ಹೆಚ್ಚು ಬೆರಕೆಯಾಗುವುದು ಕಣದಲ್ಲಿ, ಯಂತ್ರದಲ್ಲಿ. ಬೀಜದ ಭತ್ತವನ್ನು ಕೈಯಲ್ಲಿ ಬಡಿಯಿರಿ.

ಕಾಯಂ ಆದ ತಳಿಯನ್ನು ರೈತರು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಡಿ ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. ಆ ಅರ್ಜಿಗೆ ಬೇಕಾದ ವಿವರವೆಲ್ಲ ನಿಮ್ಮ ನೋಟ್‌ಬುಕ್ಕಿನಲ್ಲೇ ಇರುತ್ತದೆ: ತೆನೆ ಬಂದ ದಿನ, ಎತ್ತರ, ಕಾಳಿನ ಅಳತೆ, ಶುದ್ಧ ತಳಿಗಿಂತ ಎಲ್ಲಿ ಬೇರೆ.

ಚೀಲಕ್ಕೆ ಹಾಕುವಾಗ ಚೀಟಿ ಎರಡು ಬರೆಯಿರಿ, ಪೆನ್ಸಿಲ್ಲಿನಲ್ಲಿ. ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ. ಒಂದು ಒಳಗೆ, ಒಂದು ಹೊರಗೆ. ತಳಿಯ ನಂಬರು, ವರ್ಷ, ಆಮೇಲೆ ಯಾವ ಗದ್ದೆ, ಎಷ್ಟು ನೀರು, ಯಾವ ಗೊಬ್ಬರ. ಬೇರೆ ಊರಿನವರು ಬೀಜ ಕೇಳಿ ಬಂದಾಗ ಆ ಚೀಟಿಯನ್ನೂ ಜೊತೆಗೆ ಕೊಡಿ.